ಮದ್ದಲೆಗೆ ಬೇಕಾದಷ್ಟೇ ಗುಡುಗು

ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮೇಳದ ಆಟವನ್ನು ಮನೆಯಲ್ಲೇ ಕೇಳಲು ಸಬ್‌ವೂಫರ್ ಕೊಳ್ಳುತ್ತೀರಾ? ಹಾಗಾದರೆ ಮೊದಲು ಕ್ರಾಸೋವರ್, ಅಂದರೆ ಸಬ್‌ವೂಫರಿಗೂ ಮುಖ್ಯ ಸ್ಪೀಕರುಗಳಿಗೂ ದನಿ ಹಂಚುವ ಗಡಿಯ ವಿಚಾರ ನೋಡಿ. ಚಂಡೆಯ ಚುರುಕು ಪೆಟ್ಟು ಸಬ್‌ವೂಫರಿನ ಪಾಲಲ್ಲ. ಅದನ್ನು ಮುಖ್ಯ ಸ್ಪೀಕರುಗಳೇ ನುಡಿಸಬೇಕು. ಕ್ರಾಸೋವರನ್ನು 80 ಹರ್ಟ್ಸ್‌ನಿಂದ ಶುರುಮಾಡಿ. ಸ್ಪೀಕರ್ ತೀರಾ ಚಿಕ್ಕದಿದ್ದರೆ 100ಕ್ಕೆ ಏರಿಸಬಹುದು. 120 ದಾಟಿದರೆ ಭಾಗವತರ ಗಂಟಲು ಮೂಲೆಯ ಪೆಟ್ಟಿಗೆಯಿಂದ ಬಂದಂತಾಗಿ ಪದ್ಯದ ರುಚಿಯೇ ಕೆಡುತ್ತದೆ.

ಆಂಪ್ಲಿಫೈಯರಿನ ಡಬ್ಬದ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಾರೆ, ಅದನ್ನು ನಂಬಬೇಡಿ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್, ಎಷ್ಟೆಂದು ಕೇಳಿ. ಸಾಧಾರಣ ಕೋಣೆಗೆ 100 ವ್ಯಾಟ್ ಧಾರಾಳ. ಸಬ್‌ವೂಫರ್ 4 ಓಮಿನದಾದರೆ ಆಂಪ್ಲಿಫೈಯರ್ ಆ ಹೊರೆ ತಾಳುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅದು ಕಾದು ಸುಟ್ಟೀತು.

ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ತಗ್ಗುದನಿ ಉಬ್ಬುತ್ತದೆ, ನಾಗಂದಿಗೆಯ ಪಾತ್ರೆಗಳೂ ನಡುಗುತ್ತವೆ. ಗೋಡೆಯಿಂದ ಸ್ವಲ್ಪ ಈಚೆಗೆ ತನ್ನಿ. ಫೇಸ್ ಗುಂಡಿಯನ್ನು 0, 180 ಎರಡಕ್ಕೂ ತಿರುಗಿಸಿ, ಮದ್ದಲೆ ತುಂಬಿ ಕೇಳುವ ಕಡೆ ಬಿಡಿ. ಕೊಳ್ಳುವ ಮುನ್ನ ನಿಮಗೆ ಪರಿಚಿತವಾದ ಒಂದು ಆಟದ ಮುದ್ರಣವನ್ನು ಅಂಗಡಿಗೆ ಒಯ್ದು, ಅದನ್ನೇ ಹಾಕಿಸಿ ಕೇಳಿ.