ಮೊಬೈಲಿಗೆ ಆ್ಯಪ್ ಹಾಕುವ ಮುನ್ನ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ತಾಲ್ಲೂಕಿನ ಸಭೆಗೆ ಹೋದರೂ ಈಗ ಪಾಸ್‌ಬುಕ್ಕಿನ ಪಕ್ಕದಲ್ಲೇ ಮೊಬೈಲ್ ಇರುತ್ತದೆ. ಗೃಹಲಕ್ಷ್ಮಿ ಹಣ ಬಂತಾ ಅಂತ ನೋಡುವುದೂ ಅದರಲ್ಲೇ, ಊರಲ್ಲಿಲ್ಲದಾಗ ಕಂತು ಕಳಿಸುವುದೂ ಅದರಲ್ಲೇ. ಹೀಗಿರುವಾಗ, "ಅಕ್ಕಾ, ವಾಟ್ಸಾಪಿಗೆ ಮದುವೆ ಕಾರ್ಡು ಬಂದೈತೆ, ಒತ್ತಲೇನ್ರಿ?" ಅಂತ ಸದಸ್ಯೆಯೊಬ್ಬರು ಕೇಳಿದರೆ ನಾವು ಏನು ಹೇಳಬೇಕು? ಈ ಸಲದ ಪಾಠ ಅದೇ.

ನಮ್ಮಲ್ಲಿ ಹೆಚ್ಚಿನವರ ಫೋನನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶದ ಹೆಸರು ಆಂಡ್ರಾಯ್ಡ್. ಅದಿರುವ ಮೊದಲ ಫೋನ್ ಮಾರಾಟಕ್ಕೆ ಬಂದದ್ದು 2008ರಲ್ಲಿ. ಇದರ ಮೂಲ ಬರಹವನ್ನು ಗೂಗಲ್ ಬಹಿರಂಗವಾಗಿ ಇಟ್ಟಿದೆ. ಹಾಗಾಗಿ ಫೋನ್ ಕಂಪನಿಗಳು ಅದನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತವೆ. ಒಂದೇ ಸೆಟ್ಟಿಂಗ್ ನಿಮ್ಮ ಫೋನಿನಲ್ಲಿ ಒಂದು ಕಡೆ, ಪಕ್ಕದವರ ಫೋನಿನಲ್ಲಿ ಇನ್ನೊಂದು ಕಡೆ ಇರುವುದು ಇದಕ್ಕೇ. ಕೆಲಸ ಕಲಿತವರು ಯಾರು ಬೇಕಾದರೂ ಇದಕ್ಕೆ ಆ್ಯಪ್ ಬರೆಯಬಹುದು. ಕನ್ನಡದ ಕೀಲಿಮಣೆ ಬರೆದವರೂ ಇದ್ದಾರೆ, ಕಳ್ಳತನಕ್ಕೆ ಬರೆಯುವವರೂ ಇದ್ದಾರೆ.

ಮೊದಮೊದಲು ಈ ಫೋನುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. 2012ರ 4.1 ಆವೃತ್ತಿಯಲ್ಲಿ ಕನ್ನಡ ಅಕ್ಷರ ಬಂತು, 2014ರ 5.0ರಲ್ಲಿ ಫೋನಿನ ಮೆನುವೂ ಕನ್ನಡದಲ್ಲಿ ಸಿಕ್ಕಿತು. ಆದರೂ ಎಷ್ಟೋ ಸೋದರಿಯರ ಫೋನು ಇವತ್ತಿಗೂ ಇಂಗ್ಲಿಷಿನಲ್ಲೇ ಇದೆ. ಅಂಗಡಿಯವರು ಹಾಗೇ ಕೊಟ್ಟರು, ನಾವು ಹಾಗೇ ಇಟ್ಟುಕೊಂಡೆವು! ಇದು ಸಣ್ಣ ಮಾತಲ್ಲ. ಅಪಾಯದ ಆ್ಯಪ್ ಒಳಬರುವಾಗ ಫೋನು ಎಚ್ಚರಿಸುತ್ತದೆ. ಇಂಗ್ಲಿಷಿನಲ್ಲಿ ಬಂದರೆ ನಾವು ಓದದೆ ಓಕೆ ಒತ್ತಿಬಿಡುತ್ತೇವೆ.

ಆ್ಯಪ್ ಬರುವ ಹೆಬ್ಬಾಗಿಲು ಪ್ಲೇ ಸ್ಟೋರ್. ಆದರೆ ನಮ್ಮ ಕೋಟೆಗೆ ಹೈದರಾಲಿಯ ಸೈನಿಕರು ಹೆಬ್ಬಾಗಿಲಿನಿಂದ ಬರಲಿಲ್ಲ, ಓಬವ್ವ ಕಾದ ಆ ಕಿಂಡಿಯಿಂದ ನುಸುಳಿದರು. ಫೋನಿನ ಕಿಂಡಿ ಎಂದರೆ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು. ಮದುವೆ ಕಾರ್ಡು, ಗಾಡಿಯ ದಂಡದ ಚೀಟಿ, ಪಿಎಂ ಕಿಸಾನ್ ಪಟ್ಟಿ, ಹೀಗೆ ಹೆಸರು ಏನೇ ಇರಲಿ, ಕೊನೆಯಲ್ಲಿ ಚುಕ್ಕಿ ಇಟ್ಟು ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಕಾರ್ಡಲ್ಲ, ಆ್ಯಪ್. ಪರಿಚಯದವರ ನಂಬರಿನಿಂದ ಬಂದರೂ ನಂಬಬೇಡಿ. ಅವರ ಫೋನಿಗೆ ಮೊದಲು ಹೊಕ್ಕ ಆ್ಯಪೇ ಅವರ ಹೆಸರಿನಲ್ಲಿ ಎಲ್ಲರಿಗೂ ಕಳಿಸಿರಬಹುದು.

2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಈ ಕಿಂಡಿಯನ್ನು ಒಂದೊಂದು ಆ್ಯಪಿಗೂ ಬೇರೆ ಬೇರೆಯಾಗಿ ಮುಚ್ಚಬಹುದು. ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್‌ಗಳ ಬಗ್ಗೆ ಇರುವ ಜಾಗ ಹುಡುಕಿ, ವಾಟ್ಸಾಪ್ ಎದುರಿಗೆ ಅನುಮತಿ ಇಲ್ಲ ಎಂದಿದೆಯೇ ನೋಡಿ. ಮಕ್ಕಳು ಆಟದಲ್ಲಿ ಪುಕ್ಕಟೆ ನಾಣ್ಯ ಸಿಗುತ್ತದೆ ಅಂತ ತಿದ್ದಿದ ಆ್ಯಪ್ ಹಾಕಲು ಅದನ್ನು ತೆರೆದಿಟ್ಟಿರುತ್ತಾರೆ. ಜಿಬಿ ವಾಟ್ಸಾಪ್ ಕೂಡ ಹಾಗೆ ಯಾರೋ ತಿದ್ದಿದ್ದೇ, ಮೂಲ ಕಂಪನಿಯದಲ್ಲ.

ಎರಡನೆಯದು ಅನುಮತಿ. ಕಳ್ಳ ಆ್ಯಪ್ ಮೊದಲು ಕೇಳುವುದು ಎಸ್ಸೆಮ್ಮೆಸ್ ಓದಲು. ಬ್ಯಾಂಕಿನ ಓಟಿಪಿ ಬರುವುದು ಅಲ್ಲಿಗೇ ತಾನೇ? ಟಾರ್ಚ್ ಆ್ಯಪಿಗೆ ನಮ್ಮ ಮೆಸೇಜು ಯಾಕೆ ಬೇಕು? ಹೆಬ್ಬಾಗಿಲಿನಿಂದ ಬಂದವರೆಲ್ಲ ಒಳ್ಳೆಯವರು ಅಂತಲೂ ಅಲ್ಲ. ಸಾಲ ಕೊಡುವ ಆ್ಯಪ್‌ಗಳು ನಮ್ಮ ಫೋಟೋ, ಫೋನ್ ನಂಬರುಗಳ ಪಟ್ಟಿ ನೋಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಕೇಳಿದರೆ ಅಲ್ಲಿಗೇ ಬಿಡಿ. ಸಂಘದಲ್ಲೇ ಸಾಲ ಕೇಳಿ, ನಾಚಿಕೆ ಬೇಡ.

ಒತ್ತಿಬಿಟ್ಟಿದ್ದರೆ? ಮನೆಯವರು ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ತಡವಾದಷ್ಟೂ ಹಣ ಕೈಗೆ ಸಿಗುವುದಿಲ್ಲ. ಕೂಡಲೇ ವಿಮಾನದ ಗುರುತು ಒತ್ತಿ ಫೋನಿನ ಸಂಪರ್ಕ ಕಡಿಯಿರಿ, ವೈಫೈ ಇದ್ದರೆ ಅದನ್ನೂ ಆರಿಸಿ. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಹೇಳಿ ಖಾತೆ ತಡೆಯಿರಿ. ಆಮೇಲೆ ಆ ಆ್ಯಪ್ ತೆಗೆಸಿ. ಬಂದ ಮೆಸೇಜುಗಳನ್ನು ಅಳಿಸಬೇಡಿ, ದೂರು ಕೊಡಲು ಬೇಕಾಗುತ್ತದೆ.

ಮುಂದಿನ ಸಭೆಗೆ ಎಲ್ಲರೂ ಫೋನ್ ತನ್ನಿ. ಹಾಜರಿ ಆದ ಮೇಲೆ ಇಬ್ಬಿಬ್ಬರು ಜೊತೆ ಕೂತು ಮೊದಲು ಭಾಷೆ ಕನ್ನಡಕ್ಕೆ ಬದಲಿಸೋಣ, ನಂತರ ವಾಟ್ಸಾಪಿನ ಕಿಂಡಿ ಮುಚ್ಚೋಣ. ಯಾರ ಫೋನಿನಲ್ಲಿ ಆ ಜಾಗ ಸಿಗಲಿಲ್ಲವೋ ಅವರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ, ಕಾರ್ಯಕರ್ತೆ ಬಂದಾಗ ಕೂತು ಹುಡುಕಿಕೊಡುತ್ತಾರೆ.