ರಾಶಿಯೊಳಗೆ ಕೈ ಹಾಕಿ ನೋಡಿ

ಷೇರು ಎಂದರೆ ಒಂದು ವ್ಯಾಪಾರದಲ್ಲಿ ನಿಮಗಿರುವ ಪಾಲು. ಪರಿಚಯದವರ ಅಂಗಡಿಗೆ ಪಾಲುದಾರರಾಗುವ ಮುನ್ನ ನೀವು ಲೆಕ್ಕಪುಸ್ತಕ ಕೇಳುತ್ತೀರಿ, ಸಾಲ ಎಷ್ಟಿದೆಯೆಂದು ವಿಚಾರಿಸುತ್ತೀರಿ. ಷೇರಿನ ವಿಷಯ ಬಂದಾಗ ಮಾತ್ರ ನಮ್ಮಲ್ಲಿ ಅನೇಕರದ್ದು ಒಂದೇ ಪ್ರಶ್ನೆ: ಏರುತ್ತದೆಯೇ? ಕಂಪೆನಿಯು ಮದ್ಯ, ಬಡ್ಡಿಗಳಿಂದ ದೂರವಿದೆಯೇ ಎಂದು ಕಾಳಜಿಯಿಂದ ವಿಚಾರಿಸುವವರೂ ಅದರ ಲೆಕ್ಕ ನಿಜವೇ ಎಂದು ವಿಚಾರಿಸುವುದಿಲ್ಲ.

ಪ್ರವಾದಿ(ಸ)ರವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗಲಿದ ಪ್ರಸಂಗ ನಿಮಗೆ ಗೊತ್ತಿದೆ. ಮೇಲೆ ಒಣಧಾನ್ಯ, ಅಡಿಯಲ್ಲಿ ಮಳೆಗೆ ನೆನೆದದ್ದು. ಆ ವ್ಯಾಪಾರಿಗೆ ಸಿಕ್ಕಿದ ಎಚ್ಚರಿಕೆಯನ್ನು ನಾವು ಸದಾ ನೆನೆಯುತ್ತೇವೆ. ಕೈ ಹಾಕಿ ನೋಡಿದ್ದೂ ಒಂದು ಪಾಠವೇ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪೆನಿಗೆ 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಸತ್ಯ ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ! ಒಂದು ತ್ರೈಮಾಸಿಕದಲ್ಲಿ 649 ಕೋಟಿ ಲಾಭ ಎಂದು ಸಾರಿದ್ದರು. ನಿಜವಾಗಿ ಬಂದದ್ದು 61 ಕೋಟಿ. ಷೇರಿನ ಬೆಲೆ ಅದೇ ದಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು.

ಲೆಕ್ಕಪರಿಶೋಧಕರೇ ಮೋಸವನ್ನು ಬಯಲಿಗೆಳೆಯದಿದ್ದಾಗ ಸಾಮಾನ್ಯರಿಗೆ ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ಸುಳ್ಳು ಬ್ಯಾಂಕ್ ಪತ್ರಗಳನ್ನು ನೀವು ಹಿಡಿಯಲಾರಿರಿ, ನಿಜ. ಆದರೆ ಕೆಲವು ಸಂಗತಿಗಳು ಬಯಲಲ್ಲೇ ಇದ್ದವು. ಮುಖ್ಯವಾದದ್ದು, ಸ್ಥಾಪಕರ ಪಾಲು ವರ್ಷ ವರ್ಷವೂ ಕರಗುತ್ತಿತ್ತು. 2001ರಲ್ಲಿ ಶೇಕಡಾ 25ರ ಆಸುಪಾಸಿನಲ್ಲಿದ್ದದ್ದು 2008ಕ್ಕೆ ಶೇಕಡಾ 9ಕ್ಕೂ ಕಡಿಮೆಯಾಗಿತ್ತು. ಕಂಪೆನಿ ಅಷ್ಟು ಚೆನ್ನಾಗಿದ್ದರೆ ಅದನ್ನು ಕಟ್ಟಿದವರೇ ಏಕೆ ಕೈ ಸಡಿಲಿಸಬೇಕು? ಅಷ್ಟೊಂದು ನಗದು ಲಾಭಾಂಶವಾಗಿ ಹಂಚಿಕೆಯಾಗದೆ, ವ್ಯಾಪಾರಕ್ಕೂ ಇಳಿಯದೆ ಸುಮ್ಮನೆ ಏಕೆ ಕುಳಿತಿತ್ತು? ಇನ್ನು 2008ರ ಡಿಸೆಂಬರ್ 16ರಂದು ಅದು ರಾಜು ಕುಟುಂಬದ್ದೇ ಆದ ಮೇಟಾಸ್ ಕಂಪೆನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತು. ಸಾಫ್ಟ್‌ವೇರ್ ಕಂಪೆನಿಗೆ ಜಮೀನು, ಕಟ್ಟಡಗಳ ವ್ಯವಹಾರವೇಕೆ? ಹೂಡಿಕೆದಾರರು ಸಿಟ್ಟಿಗೆದ್ದಾಗ ಗಂಟೆಗಳೊಳಗೆ ಕೈಬಿಟ್ಟರು. ಇಲ್ಲದ ಹಣದ ಜಾಗದಲ್ಲಿ ಏನಾದರೂ ಆಸ್ತಿ ತುಂಬುವ ಕೊನೆಯ ಪ್ರಯತ್ನ ಅದಾಗಿತ್ತೆಂದು ರಾಜು ತಮ್ಮ ಪತ್ರದಲ್ಲಿ ಹೇಳಿಕೊಂಡರು.

ಆದ್ದರಿಂದ ವಾರ್ಷಿಕ ವರದಿ ಕೈಗೆ ಬಂದಾಗ ಮೊದಲ ಪುಟಗಳ ಬಣ್ಣದ ಚಿತ್ರಗಳನ್ನು ಬಿಟ್ಟುಬಿಡಿ. ಲಾಭ ಏರುತ್ತಿದ್ದರೂ ವ್ಯಾಪಾರದಿಂದ ಹಣ ಕೈಗೆ ಬರುತ್ತಿಲ್ಲವೇ, ಬಾಕಿ ವಸೂಲಿ ಬೆಳೆಯುತ್ತಲೇ ಇದೆಯೇ, ಮಾಲಕರ ಬಂಧುಗಳ ಸಂಸ್ಥೆಗಳಿಗೆ ಹಣ ಹೋಗುತ್ತಿದೆಯೇ ಎಂದು ನೋಡಿ. ಲೆಕ್ಕಪರಿಶೋಧಕರು ಅವಧಿಗೆ ಮುನ್ನ ರಾಜೀನಾಮೆಯಿತ್ತಿದ್ದರೆ ಅಲ್ಲಿಗೇ ನಿಲ್ಲಿ.

ಇನ್ನೊಂದು ಬಗೆಯದ್ದು ಲೆಕ್ಕದ ಮೋಸವಲ್ಲ, ಗದ್ದಲದ ಮೋಸ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲೆಂದೇ ಹರಾಜು ಕೂಗುವುದನ್ನು ನಜಶ್ ಎಂದು ಕರೆದು ಪ್ರವಾದಿ(ಸ)ರವರು ನಿಷೇಧಿಸಿದ್ದಾರೆ. ಇಂದು ಆ ಕೂಗು ಮೊಬೈಲಿನಲ್ಲಿ ಬರುತ್ತದೆ. ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪೆನಿಯ ಬಗ್ಗೆ ಯೂಟ್ಯೂಬ್‌ನಲ್ಲಿ ಸುಳ್ಳು ವೀಡಿಯೊಗಳನ್ನು ಹಬ್ಬಿಸಿ, ಜನರು ಕೊಳ್ಳಲು ಮುಗಿಬಿದ್ದಾಗ ಒಳಗಿನವರು ಮಾರಿಕೊಂಡರೆಂದು ಸೆಬಿ 2023ರ ಮಾರ್ಚ್‌ನ ಆದೇಶದಲ್ಲಿ ಹೇಳಿತು. ಯಾರೆಂದೇ ತಿಳಿಯದವರು ನಿಮಗೆ ಲಾಭ ಮಾಡಿಸಲು ಇಷ್ಟು ಆತುರಪಡುವುದೇಕೆ?

ಧರ್ಮದ ಹೆಸರು ಲೆಕ್ಕಪುಸ್ತಕಕ್ಕೆ ಬದಲಿಯಾಗುವುದಿಲ್ಲ. ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಮುಳುಗಿದಾಗ, ಹಲಾಲ್ ಎಂಬ ಒಂದೇ ಮಾತನ್ನು ನಂಬಿ ಹೆಣ್ಣುಮಕ್ಕಳ ಮದುವೆಯ ಹಣ, ನಿವೃತ್ತಿಯ ಹಣ ಇಟ್ಟಿದ್ದವರು ಬೀದಿಗೆ ಬಂದರು. ಅದು ಷೇರುಪೇಟೆಯ ಕಂಪೆನಿಯಲ್ಲ. ಪೇಟೆಗೆ ಸಲ್ಲಿಸಿದ ವರದಿಯೂ ಅಲ್ಲಿರಲಿಲ್ಲ.

ಪೇಟೆಯ ಕಂಪೆನಿಗಳಾದರೆ ಸ್ಥಾಪಕರ ಪಾಲೆಷ್ಟು, ಅದರಲ್ಲಿ ಸಾಲಕ್ಕೆ ಒತ್ತೆಯಿಟ್ಟದ್ದೆಷ್ಟು ಎಂಬುದನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕು. ಒತ್ತೆಯ ವಿವರವನ್ನು ಸೆಬಿ ಕಡ್ಡಾಯ ಮಾಡಿದ್ದು ಸತ್ಯಂ ಹಗರಣದ ನಂತರ, 2009ರಲ್ಲಿ. ಮುಂಬಯಿಯ ಎರಡೂ ಷೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಮನೆಯಲ್ಲಿ ವಾಣಿಜ್ಯ ಓದುತ್ತಿರುವ ಮಗನೋ ಮಗಳೋ ಇದ್ದರೆ ಅರ್ಧ ಗಂಟೆಯಲ್ಲಿ ಹುಡುಕಿಕೊಡುತ್ತಾರೆ.