ಆಕಾಶಕ್ಕೆ ಬೇಲಿ

ಹೊಲಕ್ಕೆ ಬೇಲಿ ಹಾಕಬಹುದು, ಹಿತ್ತಿಲಿಗೂ ಹಾಕಬಹುದು. ಆದರೆ ಕಣ್ಣಿಗೆ ಕಾಣದೆ, ಗೋಡೆಯನ್ನಾಗಲಿ ರಾಜ್ಯಗಳ ಗಡಿಯನ್ನಾಗಲಿ ಲೆಕ್ಕಿಸದೆ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರುಗಳ ವೇಗದಿಂದ ಹರಿಯುವ ಬಾನುಲಿ ಅಲೆಗಳಿಗೆ ಬೇಲಿ ಹಾಕುವುದೆಂದರೇನು? ನೂರು ವರ್ಷಗಳಿಗೂ ಮಿಗಿಲಾಗಿ ಜಗತ್ತಿನ ಸರ್ಕಾರಗಳು ಈ ಕೆಲಸವನ್ನು ಮಾಡುತ್ತ ಬಂದಿವೆ. ಬಾನುಲಿ ಕೇಂದ್ರವನ್ನು ನಡೆಸಲು ಲೈಸೆನ್ಸು ಬೇಕು. ಇಂಥದೇ ಆವೃತ್ತಿ, ಇಷ್ಟೇ ಸಾಮರ್ಥ್ಯ ಎಂಬ ಕಟ್ಟಳೆಗಳಿಗೆ ಒಳಪಡಬೇಕು.

ಇದನ್ನು ಕಂಡು ಕೆಲವರು ನಗುತ್ತಾರೆ. "ವಿಜ್ಞಾನಿ ಹೊಸದೊಂದನ್ನು ಕಂಡುಹಿಡಿಯುವುದೇ ತಡ, ಅದಕ್ಕೆ ಬೀಗ ಜಡಿಯಲು ಸರ್ಕಾರ ಬರುತ್ತದೆ, ಕಾಯಿದೆಯೆಂಬುದು ಅಧಿಕಾರದ ಹಸಿವಿಗೆ ತೊಡಿಸಿದ ಮುಖವಾಡ" ಎಂಬುದು ಅವರ ಮತ. ವಿದ್ಯಾರ್ಥಿಗಳ ನಡುವೆ ಈ ಮಾತನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಇದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಇದರಲ್ಲಿ ನಿಜದ ಪಾಲು ಎಷ್ಟೆಂಬುದನ್ನು ನಿರ್ಣಯಿಸಲು ಭೌತವಿಜ್ಞಾನವು ನಮಗೆ ಒಂದು ಅಳತೆಗೋಲನ್ನು ಕೊಡುತ್ತದೆ. ಆ ಅಳತೆಗೋಲನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಅಲೆಗಿಂತ ಮೊದಲೇ ಬಂದ ಕಾಯಿದೆ

ವಿದ್ಯುತ್ಕಾಂತ ಅಲೆಗಳು ಇರಬೇಕೆಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಗಣಿತದ ಬಲದಿಂದ ಸಾರಿದನು. ಅವುಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ತೋರಿಸಿದವನು ಹೈನ್‌ರಿಕ್ ಹರ್ಟ್ಸ್. ಅದು ನಡೆದುದು 1887-88ರಲ್ಲಿ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಂಥ ಅಲೆಗಳನ್ನು ಗೋಡೆಗಳ ಮೂಲಕ ಹಾಯಿಸಿ, ದೂರದಲ್ಲಿದ್ದ ಗಂಟೆ ಬಾರಿಸುವಂತೆ ಮಾಡಿ ನೋಡುಗರನ್ನು ಬೆರಗುಗೊಳಿಸಿದರು.

ಆದರೆ ನಮ್ಮ ದೇಶದಲ್ಲಿ ಈ ಅಲೆಗಳನ್ನು ಆಳಿದ ಕಾಯಿದೆ ಹುಟ್ಟಿದುದು ಹರ್ಟ್ಸನ ಪ್ರಯೋಗಕ್ಕಿಂತ ಮೊದಲೇ! 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯು ತಂತಿ ವ್ಯವಸ್ಥೆಯನ್ನು ಸ್ಥಾಪಿಸಿ ನಡೆಸುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಒಪ್ಪಿಸಿತು. ಸಂದೇಶಗಳನ್ನು ತಡೆಯುವ, ತೆರೆದು ನೋಡುವ ಅಧಿಕಾರವೂ ಅದರಲ್ಲಿತ್ತು. 1857ರ ದಂಗೆಯಲ್ಲಿ ತಂತಿಯ ಬಲವನ್ನು ಕಂಡಿದ್ದ ಪರದೇಶೀ ಸರ್ಕಾರವು ಅದನ್ನು ಅನ್ಯರ ಕೈಗೆ ಬಿಡಲು ಸಿದ್ಧವಿರಲಿಲ್ಲ. ಮುಂದೆ ನಿಸ್ತಂತು ಬಂದಾಗ ಅದೂ ಇದೇ ಕಾಯಿದೆಯ ತೆಕ್ಕೆಗೆ ಸೇರಿತು. ಆದ್ದರಿಂದ ನಮ್ಮ ಮೊದಲನೆಯ ಬೇಲಿಯನ್ನು ಭೌತವಿಜ್ಞಾನದ ಅಗತ್ಯ ಹಾಕಿಸಲಿಲ್ಲ, ಆಳ್ವಿಕೆಯ ಅಗತ್ಯ ಹಾಕಿಸಿತು. ಇಲ್ಲಿಯವರೆಗೆ ನಗುವವರ ಮಾತು ಸರಿಯೆಂದೇ ಒಪ್ಪಬೇಕು.

ಬೇಲಿ ಏಕೆ ಬೇಕಾಯಿತು?

ಈಗ ಪ್ರಕೃತಿಯ ಕಡೆಯ ವಾದವನ್ನು ಕೇಳೋಣ. ಎರಡು ಅಲೆಗಳು ಒಂದೇ ಸ್ಥಳದಲ್ಲಿ ಸಂಧಿಸಿದರೆ ಒಂದು ಇನ್ನೊಂದನ್ನು ನಾಶಮಾಡುವುದಿಲ್ಲ. ಕೆರೆಯ ನೀರಿನ ಮೇಲಣ ಎರಡು ಅಲೆಗಳಂತೆ ಒಂದರೊಳಗೊಂದು ಹಾದು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಹಾಗಾದರೆ ಜಗಳವೆಲ್ಲಿ? ಅದಿರುವುದು ನಮ್ಮ ಗ್ರಾಹಕ ಯಂತ್ರದಲ್ಲಿ. ಏರಿಯಲ್ಲಿಗೆ ಬಂದು ಬೀಳುವ ಎಲ್ಲ ಅಲೆಗಳ ಮೊತ್ತದೊಳಗಿಂದ ತನಗೆ ಬೇಕಾದ ಒಂದನ್ನು ಅದು ಆರಿಸಿಕೊಳ್ಳಬೇಕು. ಈ ಆಯ್ಕೆ ಆವೃತ್ತಿಯ, ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯ, ಆಧಾರದ ಮೇಲೆ ನಡೆಯುತ್ತದೆ. ಒಂದು ಕೇಂದ್ರ 1000 ಕಿಲೋಹರ್ಟ್ಸಿನಲ್ಲಿಯೂ ಇನ್ನೊಂದು 1001 ಕಿಲೋಹರ್ಟ್ಸಿನಲ್ಲಿಯೂ ಪ್ರಸಾರಮಾಡಿದರೆ, ಗ್ರಾಹಕವು ಅವುಗಳನ್ನು ಬೇರ್ಪಡಿಸಲಾರದು. ಎರಡರ ವ್ಯತ್ಯಾಸವಾದ ಸೆಕೆಂಡಿಗೆ 1000 ಕಂಪನಗಳ ಶಿಳ್ಳೆಯೊಂದು ಹಾಡನ್ನೂ ಮಾತನ್ನೂ ಮುಚ್ಚಿಬಿಡುತ್ತದೆ. ಎರಡು ಶ್ರುತಿಕವೆಗಳನ್ನು ಒಟ್ಟಿಗೆ ಮಿಡಿದಾಗ ಕೇಳಿಬರುವ ವಿಸ್ಪಂದಗಳನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ.

ಅಷ್ಟೇ ಅಲ್ಲದೆ, ಒಂದು ಕೇಂದ್ರಕ್ಕೆ ಒಂದು ಬಿಂದುವಿನಷ್ಟು ಆವೃತ್ತಿ ಸಾಲದು. ಒಂದು ಪಟ್ಟಿಯೇ ಬೇಕು. ಸೆಕೆಂಡಿಗೆ 4500 ಕಂಪನಗಳವರೆಗಿನ ಧ್ವನಿಯನ್ನು ವಾಹಕ ಅಲೆಯ ಮೇಲೆ ಹೇರಿದಾಗ ಅದರ ಎರಡು ಪಕ್ಕಗಳಲ್ಲಿಯೂ ಅಷ್ಟಷ್ಟು ಜಾಗ ತುಂಬುತ್ತದೆ. ಒಟ್ಟು 9 ಕಿಲೋಹರ್ಟ್ಸ್. ನಮ್ಮ ಮಧ್ಯಮ ತರಂಗಗಳ ವಲಯದಲ್ಲಿ 531ರಿಂದ 1602 ಕಿಲೋಹರ್ಟ್ಸಿನವರೆಗೆ 9 ಕಿಲೋಹರ್ಟ್ಸಿಗೆ ಒಂದರಂತೆ ಸ್ಥಾನಗಳನ್ನು ಎಣಿಸಿದರೆ ಸಿಕ್ಕುವುದು 120 ಮಾತ್ರ. ರಾತ್ರಿಯ ವೇಳೆ ಈ ಅಲೆಗಳು ಅಯಾನುಮಂಡಲದಿಂದ ಪ್ರತಿಫಲಿಸಿ ನೂರಾರು ಮೈಲಿ ದೂರಕ್ಕೆ ಹೋಗುವುದರಿಂದ ನೆರೆದೇಶಗಳಿಗೂ ಈ ಸ್ಥಾನಗಳಲ್ಲಿ ಪಾಲು ಕೊಡಬೇಕು. ಜಾಗ ಕಿರಿದು, ಕೇಳುವವರು ಬಹಳ.

ಬೇಲಿಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವುಂಟು. ಅಮೆರಿಕದಲ್ಲಿ 1912ರ ರೇಡಿಯೋ ಕಾಯಿದೆಯ ಪ್ರಕಾರ ಲೈಸೆನ್ಸು ಕೊಡಲಾಗುತ್ತಿತ್ತು. ಕೇಂದ್ರಗಳಿಗೆ ಇಂಥದೇ ಆವೃತ್ತಿಯೆಂದು ಕಟ್ಟುಪಾಡು ಮಾಡುವ ಅಧಿಕಾರ ಸರ್ಕಾರಕ್ಕಿಲ್ಲವೆಂದು 1926ರಲ್ಲಿ ಅಲ್ಲಿನ ನ್ಯಾಯಾಲಯವೊಂದು ತೀರ್ಪಿತ್ತಿತು. ಆ ವರ್ಷದ ಜುಲೈಯಿಂದ ಮರುವರ್ಷದ ಫೆಬ್ರವರಿಯೊಳಗೆ ಸುಮಾರು 200 ಹೊಸ ಕೇಂದ್ರಗಳು ತಲೆಯೆತ್ತಿದವು. ತಮಗೆ ತೋಚಿದ ಆವೃತ್ತಿಯಲ್ಲಿ, ತಮಗೆ ತೋಚಿದ ಸಾಮರ್ಥ್ಯದಿಂದ ಅವು ಕೂಗತೊಡಗಿದವು. ಎಲ್ಲರೂ ಮಾತನಾಡಿದರು, ಯಾರಿಗೂ ಏನೂ ಕೇಳಿಸಲಿಲ್ಲ. 1927ರಲ್ಲಿ ಹೊಸ ಕಾಯಿದೆಯನ್ನು ತಂದು ಆಯೋಗವೊಂದನ್ನು ನೇಮಿಸಿದ ಮೇಲೆಯೇ ಗದ್ದಲ ಹತೋಟಿಗೆ ಬಂದಿತು. ಆದ್ದರಿಂದ ಬೇಲಿಯೆಲ್ಲವೂ ಮುಖವಾಡವೆಂಬ ವಾದ ನಿಲ್ಲುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಮೇಲಿನ ವಿವರಣೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಾಯಿದೆಗೆ ಭೌತವಿಜ್ಞಾನದ ಸಮರ್ಥನೆ ದೊರೆಯುವುದು ಒಬ್ಬನ ಪ್ರೇಷಣೆ ಇನ್ನೊಬ್ಬನ ಶ್ರವಣಕ್ಕೆ ಅಡ್ಡಿಯಾಗುವ ಎಡೆಯಲ್ಲಿ. ಅದನ್ನು ದಾಟಿದ ಕಟ್ಟಳೆಗೆ ಬೇರೆ ಸಮರ್ಥನೆ ಬೇಕು. ಈ ಗೆರೆಯನ್ನಿಟ್ಟುಕೊಂಡು ನಮ್ಮ ದೇಶದ ಕೆಲವು ಕಟ್ಟಳೆಗಳನ್ನು ಪರೀಕ್ಷಿಸೋಣ.

ಮೊದಲನೆಯದು, 1933ರ ಭಾರತೀಯ ನಿಸ್ತಂತು ಟೆಲಿಗ್ರಾಫಿ ಕಾಯಿದೆ. ಇದರ ಪ್ರಕಾರ ಲೈಸೆನ್ಸಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧ. ಬರಿಯ ಗ್ರಾಹಕ ಯಂತ್ರಕ್ಕೂ ಇದು ಅನ್ವಯಿಸಿತು. ಗ್ರಾಹಕವು ಅಲೆಯನ್ನು ಹೀರುತ್ತದೆಯೇ ಹೊರತು, ಹಳೆಯ ಕಾಲದ ಕೆಲವು ಬಗೆಯ ಯಂತ್ರಗಳನ್ನು ಬಿಟ್ಟರೆ, ನೆರೆಯವರನ್ನು ಕಾಡುವಷ್ಟು ಹೊರಸೂಸುವುದಿಲ್ಲ. ಮನೆಯಲ್ಲಿ ಕುಳಿತು ಸಂಗೀತ ಕೇಳುವವನಿಂದ ಯಾರ ಪ್ರಸಾರವೂ ಕೆಡುವುದಿಲ್ಲ. ಈ ಕಾಯಿದೆಯ ಹಿಂದಿದ್ದುದು ಮುಖ್ಯವಾಗಿ ಹಣದ ಲೆಕ್ಕ. ಪ್ರಸಾರದ ವೆಚ್ಚವನ್ನು ಕೇಳುಗರ ಶುಲ್ಕದಿಂದ ತುಂಬಿಸುವುದು ನ್ಯಾಯವೆಂದೇ ಇಟ್ಟುಕೊಳ್ಳೋಣ; ಆದರೆ ಶುಲ್ಕವೆತ್ತುವುದು ಬೇರೆ, ಕೇಳುವುದಕ್ಕೇ ಅನುಮತಿ ಬೇಕೆನ್ನುವುದು ಬೇರೆ. ಅಂಚೆ ಕಚೇರಿಯಲ್ಲಿ ಪುಸ್ತಕವನ್ನು ಮುಂದಿಟ್ಟು ರೇಡಿಯೋ ಲೈಸೆನ್ಸನ್ನು ವರ್ಷವರ್ಷವೂ ನವೀಕರಿಸುವ ಪದ್ಧತಿ ಸ್ವಾತಂತ್ರ್ಯಾನಂತರವೂ ಉಳಿದು, 1980ರ ದಶಕದಲ್ಲಿ ಕೊನೆಗೊಂಡಿತು.

ಎರಡನೆಯದು, 1942ರ ಕಾಂಗ್ರೆಸ್ ರೇಡಿಯೋ. 'ಭಾರತ ಬಿಟ್ಟು ತೊಲಗಿ' ಚಳವಳಿಯ ದಿನಗಳಲ್ಲಿ ಉಷಾ ಮೆಹ್ತಾ ಮತ್ತು ಅವರ ಸಂಗಾತಿಗಳು ಮುಂಬಯಿಯಲ್ಲಿ 42.34 ಮೀಟರ್ ತರಂಗಾಂತರದ ಗುಪ್ತ ಕೇಂದ್ರವೊಂದನ್ನು ನಡೆಸಿದರು. ಬೆಳಕಿನ ವೇಗವನ್ನು ಈ ತರಂಗಾಂತರದಿಂದ ಭಾಗಿಸಿದರೆ ಆವೃತ್ತಿ ಸೆಕೆಂಡಿಗೆ ಸುಮಾರು 71 ಲಕ್ಷ ಎಂದು ತಿಳಿಯುತ್ತದೆ. ಇಂಥ ಕೇಂದ್ರವನ್ನು ಹುಡುಕುವ ಉಪಾಯ ಸರಳವಾದುದು. ಬಳೆಯಾಕಾರದ ಏರಿಯಲ್ಲನ್ನು ತಿರುಗಿಸುತ್ತ ಹೋದರೆ, ಅದರ ಸಮತಲವು ಅಲೆ ಬರುವ ದಿಕ್ಕಿಗೆ ಲಂಬವಾದಾಗ ಧ್ವನಿ ಅಡಗುತ್ತದೆ. ಎರಡು ಸ್ಥಳಗಳಿಂದ ಹೀಗೆ ದಿಕ್ಕು ಗುರುತಿಸಿ ಗೆರೆ ಎಳೆದರೆ, ಅವು ಕೂಡುವಲ್ಲಿ ಪ್ರೇಷಕ ಇರುತ್ತದೆ. ಆದ್ದರಿಂದಲೇ ಆ ಕೇಂದ್ರವು ಮತ್ತೆ ಮತ್ತೆ ಮನೆ ಬದಲಾಯಿಸಬೇಕಾಯಿತು. 1942ರ ನವೆಂಬರ್ 12ರಂದು ಪೊಲೀಸರು ಅದನ್ನು ಹಿಡಿದರು. ಇಪ್ಪತ್ತೆರಡು ವರ್ಷದ ಉಷಾ ಮೆಹ್ತಾ ಸೆರೆಮನೆ ಸೇರಿ, 1946ರಲ್ಲಿ ಹೊರಬಂದರು. ಅವರನ್ನು ಬೇಟೆಯಾಡಿದುದು ಅವರ ಅಲೆ ಬೇರೆ ಅಲೆಗೆ ಅಡ್ಡಬಂದಿತೆಂದಲ್ಲ. ಅದು ಹೊತ್ತು ತಂದ ಮಾತು ಸರ್ಕಾರಕ್ಕೆ ಸಹ್ಯವಾಗಲಿಲ್ಲವೆಂದು. ದಿಕ್ಕು ಹುಡುಕುವ ಅದೇ ಏರಿಯಲ್ಲು ಸಮುದ್ರದಲ್ಲಿ ದಾರಿ ತಪ್ಪಿದ ಹಡಗನ್ನೂ ಉಳಿಸುತ್ತದೆ. ಉಪಕರಣಕ್ಕೆ ಈ ಭೇದ ತಿಳಿಯದು, ತಿಳಿಯಬೇಕಾದವರು ನಾವು.

ಮೂರನೆಯದು ಸ್ವತಂತ್ರ ಭಾರತದ್ದು. 2001ರಲ್ಲಿ ದೇಶದ ಮೊದಲನೆಯ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಆದರೆ ಖಾಸಗಿ ಕೇಂದ್ರಗಳು ತಾವೇ ಸಿದ್ಧಪಡಿಸಿದ ಸುದ್ದಿಯನ್ನು ಪ್ರಸಾರಮಾಡಕೂಡದೆಂದು ಲೈಸೆನ್ಸಿನ ಷರತ್ತಿತ್ತು. ಚಿತ್ರಗೀತೆಗೆ ಬೇಕಾಗುವ ಆವೃತ್ತಿಪಟ್ಟಿಗಿಂತ ಸುದ್ದಿಗೆ ಒಂದು ಹರ್ಟ್ಸ್ ಕೂಡ ಹೆಚ್ಚು ಬೇಕಾಗದು. ಇನ್ನು ಹಳ್ಳಿಗರ ಪಾಡೇನು? ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 'ನಮ್ಮ ಧ್ವನಿ' ಎಂಬ ಹೆಸರಿನಿಂದ ತಮ್ಮದೇ ಕಾರ್ಯಕ್ರಮಗಳನ್ನು ಸಿದ್ಧಪಡಿಸಿದಾಗ, ಅಲೆಗಳನ್ನು ಬಳಸಲು ಅನುಮತಿ ಇಲ್ಲದ ಕಾರಣ ಟೆಲಿವಿಷನ್ ಕೇಬಲಿನ ಮೂಲಕ ಅವುಗಳನ್ನು ಮನೆಮನೆಗೆ ಕಳುಹಿಸಿದರು. ಸಮುದಾಯ ಬಾನುಲಿಯ ಬಾಗಿಲನ್ನು ಇಂಥ ಜನಸಂಸ್ಥೆಗಳಿಗೆ ಸರ್ಕಾರ ತೆರೆದುದು 2006ರಲ್ಲಿ.

ನಗುವವರು ಮರೆಯುವ ಸಂಗತಿ

ಇಷ್ಟನ್ನು ಓದಿದ ಮೇಲೆ "ನಾವು ಹೇಳಿದ್ದೇ ನಿಜವಾಯಿತಲ್ಲ!" ಎಂದು ಆ ಮಿತ್ರರು ಹೇಳಬಹುದು. ಆದರೆ ಅತಿಕ್ರಮಣದ ಕಥೆಗೆ ಜೊತೆಯಾಗಿ ತಿದ್ದುಪಡಿಯ ಕಥೆಯೂ ಇದೆ.

1995ರ ಫೆಬ್ರವರಿ 9ರಂದು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾನುಲಿ ಅಲೆಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದೆಂದು ತೀರ್ಪಿತ್ತಿತು. ಸ್ವತ್ತು ಪ್ರಜೆಯದಾದರೆ ಸರ್ಕಾರ ಅದರ ಪಾಲಕ ಮಾತ್ರ. ಪಾಲಕನು ಹಂಚಿಕೆಯಲ್ಲಿ ತಪ್ಪಿದರೆ ಲೆಕ್ಕ ಕೊಡಬೇಕೆಂಬುದು 2012ರಲ್ಲಿ ಮತ್ತೆ ಸ್ಪಷ್ಟವಾಯಿತು. ಮೊಬೈಲ್ ಸೇವೆಯ 122 ಲೈಸೆನ್ಸುಗಳನ್ನು ಅದೇ ನ್ಯಾಯಾಲಯ ರದ್ದುಗೊಳಿಸಿತು.

ತಂತ್ರಜ್ಞಾನ ಮುಂದುವರಿದಂತೆ ಬೇಲಿ ಕೆಲವೆಡೆ ಹಿಂದೆ ಸರಿದುದೂ ಉಂಟು. 2400ರಿಂದ 2483.5 ಮೆಗಾಹರ್ಟ್ಸಿನವರೆಗಿನ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಲಾಯಿತು. ಇಂದು ಮನೆಮನೆಯಲ್ಲಿರುವ ವೈ-ಫೈ ಈ ಪಟ್ಟಿಯನ್ನು ಬಳಸುತ್ತದೆ. ಇಲ್ಲಿ ಗದ್ದಲವಾಗದಿರಲು ಎರಡು ಕಾರಣಗಳಿವೆ: ಸಾಮರ್ಥ್ಯಕ್ಕೆ ಕಾಯಿದೆ ಮಿತಿ ಹಾಕಿರುವುದರಿಂದ ಅಲೆ ದೂರ ಹೋಗದು, ಯಂತ್ರಗಳು ತಾವೇ ಕಿವಿಗೊಟ್ಟು ಕೇಳಿ, ಬೇರೊಂದು ಮಾತನಾಡುತ್ತಿದ್ದರೆ ಕಾಯ್ದು, ಬಳಿಕ ಮಾತನಾಡುತ್ತವೆ. ಜಗಳವಿರುವುದು ಗ್ರಾಹಕದಲ್ಲಿ ಎಂದೆವಷ್ಟೆ. ಗ್ರಾಹಕ ಜಾಣನಾದಷ್ಟೂ ಬೇಲಿ ತೆಳುವಾಗಬಹುದು.

ಆದರೂ ಎಚ್ಚರ ತಪ್ಪಬಾರದು. 1885ರ ಕಾಯಿದೆಯ ಬಲದಿಂದಲೇ 2017ರಲ್ಲಿ ನಿಯಮಗಳನ್ನು ರಚಿಸಿ, ಇಂಟರ್‌ನೆಟ್ಟನ್ನು ತಾತ್ಕಾಲಿಕವಾಗಿ ನಿಲ್ಲಿಸುವ ವಿಧಾನವನ್ನು ಗೊತ್ತುಪಡಿಸಲಾಯಿತು. ಅನಿರ್ದಿಷ್ಟ ಕಾಲ ಹೀಗೆ ನಿಲ್ಲಿಸುವುದು ಸಲ್ಲದು, ಆಜ್ಞೆಗಳನ್ನು ಪ್ರಕಟಿಸಬೇಕು, ಕ್ರಮವು ಅಗತ್ಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿ ಹೇಳಬೇಕಾಯಿತು. 1885 ಮತ್ತು 1933ರ ಕಾಯಿದೆಗಳ ಬದಲಿಗೆ ಸಂಸತ್ತು ಅಂಗೀಕರಿಸಿದ 2023ರ ದೂರಸಂಪರ್ಕ ಕಾಯಿದೆಯು, ಸರ್ಕಾರವು ಈ ಅಲೆಗಳಿಗೆ ಜನತೆಯ ಪರವಾಗಿ ಒಡೆಯನೆಂದು ಹೇಳುತ್ತದೆ. ಸಂದೇಶವನ್ನು ತಡೆಯುವ, ಸೇವೆಯನ್ನು ನಿಲ್ಲಿಸುವ ಅಧಿಕಾರಗಳನ್ನೂ ಉಳಿಸಿಕೊಂಡಿದೆ. 'ಜನತೆಯ ಪರವಾಗಿ' ಎಂಬ ಮಾತಿಗೆ ಎಷ್ಟು ತೂಕವಿರುವುದೆಂಬುದು ಜನತೆ ಎಷ್ಟು ಪ್ರಶ್ನಿಸುತ್ತದೆ ಎಂಬುದನ್ನು ಅವಲಂಬಿಸಿದೆ.

ಮೂರು ಪ್ರಶ್ನೆಗಳು

ಯಂತ್ರವೊಂದರ ಮೇಲೆ ಕಟ್ಟಳೆ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳೋಣ. ಇದು ತಡೆಯಲು ಹೊರಟ ಹಾನಿ ಯಾವುದು, ಅದನ್ನು ಅಳೆದು ತೋರಿಸಬಹುದೆ? ಕಟ್ಟಳೆಯ ಭಾರ ಆ ಹಾನಿಗೆ ತಕ್ಕಷ್ಟೇ ಇದೆಯೆ? ತಂತ್ರಜ್ಞಾನ ಬದಲಾದಾಗ ಕಟ್ಟಳೆಯನ್ನು ಮರುವಿಮರ್ಶೆ ಮಾಡುವವರು ಯಾರು?

ಎಲ್ಲ ಕಾಯಿದೆಯೂ ಮೋಸವೆನ್ನುವವನಿಗೂ, ಸರ್ಕಾರ ಮಾಡಿದ್ದೆಲ್ಲ ಸರಿಯೆನ್ನುವವನಿಗೂ ಈ ಪ್ರಶ್ನೆಗಳ ಅಗತ್ಯ ಕಾಣದು. ಇಬ್ಬರೂ ಅಳೆಯುವ ಶ್ರಮದಿಂದ ತಪ್ಪಿಸಿಕೊಂಡವರೇ. ನಕ್ಕು ಸುಮ್ಮನಾಗುವ ಪ್ರಜೆಯಿಂದ ಅಧಿಕಾರಕ್ಕೆ ಯಾವ ತೊಂದರೆಯೂ ಇಲ್ಲ. ಮೇಲೆ ಹೇಳಿದ ತಿದ್ದುಪಡಿಗಳಲ್ಲಿ ನ್ಯಾಯಾಲಯದಿಂದ ಬಂದವುಗಳೆಲ್ಲ ಯಾರೋ ಕೆಲವರು ಬಾಗಿಲು ತಟ್ಟಿ ಕಾರಣ ಕೇಳಿದುದರಿಂದ ಬಂದವು.

ಅಭ್ಯಾಸಕ್ಕಾಗಿ

1. 100 ಮೆಗಾಹರ್ಟ್ಸಿನಲ್ಲಿ ಪ್ರಸಾರಮಾಡುವ ಎಫ್.ಎಂ. ಕೇಂದ್ರದ ತರಂಗಾಂತರವೆಷ್ಟು?

2. ಮಧ್ಯಮ ತರಂಗಗಳ ವಲಯದಲ್ಲಿ ಪ್ರತಿ ಕೇಂದ್ರಕ್ಕೂ 9 ಕಿಲೋಹರ್ಟ್ಸಿನ ಬದಲು 18 ಕಿಲೋಹರ್ಟ್ಸ್ ಕೊಟ್ಟರೆ ಎಷ್ಟು ಸ್ಥಾನಗಳು ಉಳಿಯುತ್ತವೆ? ಧ್ವನಿಯ ಗುಣದಲ್ಲಿ ಆಗುವ ಲಾಭವೇನು?

3. ನಿಮಗೆ ತಿಳಿದಿರುವ, ಯಂತ್ರವೊಂದಕ್ಕೆ ಸಂಬಂಧಿಸಿದ ಯಾವುದಾದರೊಂದು ಕಟ್ಟಳೆಯನ್ನು ಆರಿಸಿಕೊಂಡು, ಮೇಲಿನ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.